ರಟ್ಟಿನ ಮಾವನ ಅಲೆಯಂಚಿನ ಚೂರಿಗಳು

ರಟ್ಟಿನ ಮಾವ ಯಾವ ವಸ್ತುವನ್ನಾಗಲಿ ಎರಡೂ ಕಣ್ಣು ಬಿಟ್ಟು ನೋಡಿದ್ದನ್ನು ನಾನು ಕಂಡವನಲ್ಲ. ಕೈಗೆ ಪುಸ್ತಕ ಕೊಡಿ, ಕುರ್ಚಿ ತೋರಿಸಿ, ಹೊಸದಾಗಿ ಬಣ್ಣ ಬಳಿದ ಕಿಟಕಿಯ ಮುಂದೆ ನಿಲ್ಲಿಸಿ, ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ತಲೆ ಒಂದಿಷ್ಟು ಬಲಕ್ಕೆ ವಾಲುತ್ತಿತ್ತು, ತೆರೆದ ಬಲಗಣ್ಣು ಅದರ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಿಕೊಂಡು ಹೋಗಿ ಎಲ್ಲಿ ಸೊಟ್ಟಗಿದೆಯೋ ಅಲ್ಲಿ ನಿಲ್ಲುತ್ತಿತ್ತು. ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದರು. ಮೊದಲ ಸಲ ಅವರ ಅಂಗಡಿಗೆ ಹೋದವರು ಈ ಹಿರಿಯರು ತಮಗೇಕೆ ಕಣ್ಣು ಹೊಡೆಯುತ್ತಿದ್ದಾರೆಂದು ಗಲಿಬಿಲಿಗೊಳ್ಳುತ್ತಿದ್ದರು. ಎರಡನೆಯ ಸಲ ಹೋದವರು ತಮ್ಮ ಭುಜಗಳೆರಡೂ ಸಮನಾಗಿಲ್ಲವೇನೋ ಎಂಬ ಅನುಮಾನ ಹೊತ್ತು ಮನೆಗೆ ಮರಳುತ್ತಿದ್ದರು.

ಪುಸ್ತಕಗಳಿಗೆ ರಟ್ಟು ಕಟ್ಟುವುದು ಅವರ ಕಸುಬು. ಬೀದಿಯ ಬಾಯಲ್ಲಿ ಅವರು ರಟ್ಟಿನ ಮಾವ, ಅವರ ಹೆಂಡತಿ ಎಲ್ಲರಿಗೂ ಅತ್ತೆ. ಹರಿದ ನಿಘಂಟುಗಳು, ಬೆನ್ನು ಮುರಿದ ಕಾನೂನಿನ ಪುಸ್ತಕಗಳು, ಮಂಚದ ಕೆಳಗೆ ಬಿಡಿಬಿಡಿಯಾಗಿ ಬಿದ್ದಿದ್ದ ನನ್ನ ಹಳೆಯ ಮಾಸಪತ್ರಿಕೆಗಳು, ಎಲ್ಲವೂ ಆ ಅಂಗಡಿಯ ಒಳಹೊಕ್ಕು ಮೈ ನೆಟ್ಟಗೆ ಮಾಡಿಕೊಂಡು ಹೊರಬರುತ್ತಿದ್ದವು. ಮಾವನ ಕೋಟು ಒಂದು ಕಾಲಕ್ಕೆ ಕಂದು ಬಣ್ಣದ್ದಾಗಿದ್ದಿರಬೇಕು. ಗೋಂದು ಬಿದ್ದು ಒಣಗಿ, ಮತ್ತೆ ಬಿದ್ದು ಒಣಗಿ, ಅದರ ತೋಳುಗಳು ರಟ್ಟಿನಷ್ಟೇ ಬಿರುಸಾಗಿ, ಅವರು ಕೈ ಮಡಿಸಿದಾಗಲೆಲ್ಲ ಕರಕರ ಸದ್ದಾಗುತ್ತಿತ್ತು. ಬೀದಿಯಲ್ಲಿ ಗೆರೆ ಎಳೆದಂತೆ ನಟ್ಟನಡುವೆ ನಡೆಯುತ್ತಿದ್ದರು, ಎದುರಿಗೆ ಬಂದ ಸೈಕಲ್ಲಿನವನೇ ಪಕ್ಕಕ್ಕೆ ಸರಿಯಬೇಕು. ಏನು ಕೇಳಿದರೂ ಅವರ ಉತ್ತರ ಶುರುವಾಗುತ್ತಿದ್ದದ್ದು "ಹಾಗಂತಲ್ಲ" ಎಂದು. ಊಟ ಆಯಿತೇ ಎಂದರೆ "ಹಾಗಂತಲ್ಲ, ಆಯ್ತು." ಮೈಗೆ ಹುಷಾರಿಲ್ಲವೇ ಎಂದರೆ "ಹಾಗಂತಲ್ಲ, ಸ್ವಲ್ಪ ಜ್ವರ." ಒಪ್ಪಿಗೆಯೋ ನಿರಾಕರಣೆಯೋ ಎಂದು ತಿಳಿಯಗೊಡದ ಆ ಒಂದು ಮಾತಿನ ಮರೆಯಲ್ಲಿ ಅವರು ಇಡೀ ಸಂಸಾರವನ್ನು ನಡೆಸಿಕೊಂಡು ಬಂದಿದ್ದರು.

ಆ ಸಂಸಾರ ಹೇಗಿತ್ತೆಂದು ತಿಳಿಯಬೇಕಾದರೆ ಗಂಡ ಹೆಂಡತಿ ಕೆಲಸ ಮಾಡುವುದನ್ನು ನೋಡಬೇಕಿತ್ತು. ಅಂಗಡಿಯ ಉದ್ದಕ್ಕೂ ಚಾಚಿದ ಒಂದೇ ಮೇಜು. ಅದರ ಒಂದು ತುದಿಯಲ್ಲಿ ಕಾಗದ ಕತ್ತರಿಸುವ ಕಬ್ಬಿಣದ ಮೆಷಿನ್ನು, ಇನ್ನೊಂದು ತುದಿಯಲ್ಲಿ ಮಡಿಸಿದ ಹಾಳೆಗಳ ರಾಶಿ, ಸೂಜಿ, ಮೇಣ ಸವರಿದ ದಾರ, ಮತ್ತು ಅತ್ತೆ. ಅವರು ಹೊಲಿದು ಕೊಟ್ಟ ಪುಸ್ತಕವನ್ನು ಮಾವ ಮೆಷಿನ್ನಿಗೆ ಸಿಕ್ಕಿಸಿ, ಎಡಗಣ್ಣು ಮುಚ್ಚಿ, ಉಸಿರು ಕಟ್ಟಿ, ಹಿಡಿಯನ್ನು ಎಳೆಯುತ್ತಿದ್ದರು. ಉಸಿರಾಡುವವನ ಕೈ ಅಲುಗುತ್ತದೆ, ಅಲುಗಿದ ಕೈ ಅಂಚನ್ನು ಕೆಡಿಸುತ್ತದೆ ಎಂಬುದು ಅವರ ಸಿದ್ಧಾಂತ. ಅಲಗು ಬಿದ್ದೊಡನೆ ಮೇಜು ಪೂರ್ತಿ ಗುದ್ದಿಸಿಕೊಂಡಂತೆ ಅದುರುತ್ತಿತ್ತು. ಹೊಸದರಲ್ಲಿ ಆ ಅದುರುವಿಕೆಗೆ ಸೂಜಿ ಎಷ್ಟೋ ಸಲ ಅತ್ತೆಯ ಬೆರಳಿಗೆ ಹೊಕ್ಕಿತ್ತಂತೆ. ಆಮೇಲೆ ಅವರು ಅದಕ್ಕೊಂದು ಉಪಾಯ ಕಂಡುಕೊಂಡರು: ಮಾವನ ಉಸಿರು ಕಟ್ಟಿದರೆ ಅತ್ತೆಯ ಸೂಜಿ ನಿಲ್ಲುತ್ತಿತ್ತು, ಅಲಗು ಬಿದ್ದು ಉಸಿರು ಹೊರಬಂದರೆ ಸೂಜಿ ಮತ್ತೆ ನಡೆಯುತ್ತಿತ್ತು. ಇವರಿಬ್ಬರಿಗೂ ಸೇರಿ ಶ್ವಾಸಕೋಶ ಒಂದೇ ಎಂದು ಬಸ್ ಡ್ರೈವರ್ ಆಗಿದ್ದ ಅತ್ತೆಯ ತಮ್ಮ ನಗಾಡುತ್ತಿದ್ದ.

ಇಷ್ಟು ನೆಟ್ಟಗಿನ ಮನುಷ್ಯನ ತಲೆಗೆ ಸೊಟ್ಟ ಚೂರಿಗಳ ಹುಚ್ಚು ಹತ್ತಿದ್ದು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬನಿಂದ. ಸದಾ ನಶ್ಯದ ವಾಸನೆ ಹೊಡೆಯುತ್ತಿದ್ದ ಆ ವ್ಯಾಪಾರಿ ಒಮ್ಮೆ ರಟ್ಟು ಕಟ್ಟಿಸಲು ತಂದ ಪುಸ್ತಕಗಳ ನಡುವಿನಿಂದ ಒಂದು ಚೂರಿ ಎಳೆದು, ಕಾಗದ ಸೀಳಲು ಬರುತ್ತೆ ಇಟ್ಕೊಳ್ಳಿ ಎಂದು ಮೇಜಿನ ಮೇಲಿಟ್ಟು ಹೋದ. ಅದರ ಅಲಗು ಹಿಡಿಯಿಂದ ಮೊನೆಯವರೆಗೆ ಅಲೆಯಲೆಯಾಗಿ ಬಳುಕಿತ್ತು. ಮಾವ ಅದರಿಂದ ಕಾಗದ ಸೀಳಲು ಹೋದರು. ಕಾಗದ ಇಲಿ ಕಡಿದಂತಾಯಿತು. ಸಾಣೆಕಲ್ಲಿಗೆ ಹಿಡಿದರು; ಕಲ್ಲು ಅಲೆಯ ಉಬ್ಬನ್ನು ಮುಟ್ಟಿತೇ ಹೊರತು ತಗ್ಗನ್ನು ಮುಟ್ಟಲಿಲ್ಲ. ರಟ್ಟಿನಲ್ಲಿ ಒಂದು ಒರೆ ಮಾಡಿದರು. ಬಳುಕು ಹಿಡಿಸಬೇಕೆಂದು ಅಗಲ ಮಾಡುತ್ತಾ ಹೋಗಿ, ಕೊನೆಗೆ ಅದು ಒರೆಯಾಗದೆ ಚೀಲವಾಯಿತು. ಬೇರೆ ಯಾರಾದರೂ ಆಗಿದ್ದರೆ ಗುಜರಿಗೆ ಎಸೆಯುತ್ತಿದ್ದರು. ಮಾವ ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ನೋಡಿದರು. ಅವರ ಕಣ್ಣು ಮೊದಲ ತಿರುವಿನಲ್ಲಿ ನಿಂತಿತು, ಅಲ್ಲಿಂದ ಎರಡನೆಯದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು; ಜನ್ಮದಲ್ಲಿ ಮೊದಲ ಬಾರಿಗೆ ಒಂದು ಅಂಚಿನ ಕೊನೆ ಮುಟ್ಟಲಾರದೆ ಹೋಯಿತು. ಅವರಿಗೆ ಎಚ್ಚರವಾಗುವಷ್ಟರಲ್ಲಿ ಕೈಯಲ್ಲಿದ್ದ ಗೋಂದಿನ ಕುಂಚ ಒಣಗಿ ಕಟ್ಟಿಗೆಯಾಗಿತ್ತು.

ಅಲ್ಲಿಂದ ಒಂದರ ಹಿಂದೆ ಒಂದು ಬಂದವು. ಇವನ್ನು ಕೂಡಿಡುವವರ ಬಳಗವೇ ಒಂದಿದೆ, ಅವರಲ್ಲಿ ಬಗೆಹರಿಯದ ಜಗಳಗಳಿವೆ. ಅಲೆಯಿದ್ದರೆ ಗಾಯ ಅಗಲವಾಗುತ್ತದೆಂದು ಕೆಲವರು, ಬರಿಯ ಹೆದರಿಸುವುದಕ್ಕೆ ಎಂದು ಕೆಲವರು, ಕಮ್ಮಾರನ ಜಂಬಕ್ಕೆ ಎಂದು ಉಳಿದವರು. ಕಾಯಿಸಿ ಬಾಗಿಸಿದ ಅಲೆ ಅಸಲಿ. ನೇರ ತಗಡನ್ನು ಉಜ್ಜಿ ಅಲೆ ತೆಗೆದದ್ದು ನಕಲಿ, ಅದಕ್ಕೆ ಹರಿತವೂ ಇರುವುದಿಲ್ಲ. ಅಸಲಿಯ ಅಲೆಗಳು ಯಾವಾಗಲೂ ಬೆಸ ಸಂಖ್ಯೆಯಲ್ಲಿರಬೇಕೆಂದೂ, ಸರಿ ಸಂಖ್ಯೆ ಬಂದರೆ ಅದರ ಮೊನೆ ಎಲ್ಲೋ ಮುರಿದು ಉಳಿದಿದೆಯೆಂದೂ ಅವರೊಳಗೊಂದು ನಂಬಿಕೆ. ಮಾವ ಈ ಯಾವ ವಾದಕ್ಕೂ ಹೋಗುತ್ತಿರಲಿಲ್ಲ. ಇದರಲ್ಲಿ ಅಂಥದ್ದೇನಿದೆ ಎಂದು ನಾನು ಒಮ್ಮೆ ಕೆದಕಿದಾಗ ಅವರು ಆಡಿದ ಮಾತು ಅವರ ಮಟ್ಟಿಗೆ ಭಾಷಣವೇ ಸರಿ. "ಹಾಗಂತಲ್ಲ. ನೆಟ್ಟಗಿರೋ ಚಾಕು ಕೈಗೆ ಬಂದ್ರೆ, ಏನು ಕೊಯ್ಯಲಿ ಹೇಳು ಅಂತ ಕೇಳುತ್ತೆ. ಜೀವಮಾನ ಪೂರ್ತಿ ಅದಕ್ಕೆ ಕೆಲಸ ಹೇಳಿ ಹೇಳಿ ಸಾಕಾಗಿದೆ. ಇದು ಏನೂ ಕೇಳಲ್ಲ. ಸುಮ್ನಿರುತ್ತೆ." ಆಮೇಲೆ ದನಿ ತಗ್ಗಿಸಿ, "ಸುಮ್ನಿದ್ದೂ ಅಲುಗ್ತಾ ಇರುತ್ತೆ" ಎಂದರು.

ಆ ಮಾತು ಸುಳ್ಳೆನ್ನಲು ನನಗೆ ಧೈರ್ಯ ಸಾಲದು. ಮುಂದಿನ ಅಂಗಡಿಗೂ ಹಿಂದಿನ ಮನೆಗೂ ನಡುವೆ ಒಂದು ಪ್ಯಾಸೇಜಿತ್ತು, ಕಿಟಕಿಯಿಲ್ಲದ್ದು; ಸೂರಿನಲ್ಲಿ ಕೂಡಿಸಿದ್ದ ಒಂದು ಗಾಜಿನ ತುಂಡಿನಿಂದ ಹಗಲಿನ ಬೆಳಕು ಸೋರಿ ಬರುತ್ತಿತ್ತು. ಚೂರಿಗಳಿದ್ದದ್ದು ಅಲ್ಲಿ. ಎಲ್ಲರಂತೆ ಅವನ್ನು ಗೋಡೆಗೆ ಒರಗಿಸಿ ಮಲಗಿಸಿದ್ದರೆ ಮಾತು ಬೇರೆ. ಮಾವನಿಗೆ ಅಂಚು ಕಾಣಬೇಕು. ಆದ್ದರಿಂದ ಒಂದೊಂದು ಚೂರಿಯನ್ನೂ ಮರದ ಗೂಟದ ಮೇಲೆ, ಗೋಡೆಯಿಂದ ಎರಡು ಬೆರಳು ಹೊರಕ್ಕೆ, ಬರುವವರ ಕಡೆಗೆ ಅಂಚು ತಿರುಗಿಸಿ ನಿಲ್ಲಿಸಿದ್ದರು. ಮೇಲೆ ಮೋಡ ಸರಿದರೆ ಕೆಳಗೆ ನೆರಳುಗಳೆಲ್ಲ ಒಟ್ಟಿಗೆ ಬಳುಕುತ್ತಿದ್ದವು. ಮೋಡ ನಿಂತ ಮೇಲೂ ಒಂದೆರಡು ನೆರಳು ಬಳುಕು ನಿಲ್ಲಿಸುತ್ತಿರಲಿಲ್ಲವೆಂದು ನನಗೆ ಅನ್ನಿಸಿದ್ದುಂಟು. ನಾನು ಆ ಪ್ಯಾಸೇಜನ್ನು ಯಾವಾಗಲೂ ಬೇಗ ಬೇಗ ದಾಟುತ್ತಿದ್ದೆ. ಅತ್ತೆಯ ತಮ್ಮ ಮಾತ್ರ ನಡುವೆ ನಿಂತು, "ಭಾವ, ಇದರಲ್ಲಿ ಒಂದು ಈರುಳ್ಳಿನಾದ್ರೂ ಹೆಚ್ಚೋಕಾಗುತ್ತಾ?" ಎಂದು ಕೂಗುತ್ತಿದ್ದ. "ಹಾಗಂತಲ್ಲ, ಆಗಲ್ಲ" ಎಂದು ಅಂಗಡಿಯಿಂದ ಉತ್ತರ ಬರುತ್ತಿತ್ತು.

ಹೀಗಿರುವಾಗ ಅತ್ತೆಯ ಕಣ್ಣಿನ ದೃಷ್ಟಿ ಕಡಿಮೆಯಾಗತೊಡಗಿತು. ಮೊದಲು ಪಕ್ಕದಲ್ಲಿರುವವರು ಕಾಣದಾದರು, ಆಮೇಲೆ ಎದುರಿಗಿರುವವರು. ಕಣ್ಣಿನ ನರ ಒಣಗುತ್ತಿದೆ, ಮಾಡುವಂಥದ್ದೇನೂ ಇಲ್ಲ ಎಂದು ಡಾಕ್ಟರು ಹೇಳಿದ ದಿನ ಮಾವ ಅಂಗಡಿ ತೆರೆಯಲಿಲ್ಲ. ಅತ್ತೆ ತೆರೆಸಿದರು. ಮೇಜಿನ ತಮ್ಮ ತುದಿಗೆ ಹೋಗಿ ಕೂತು, ದಾರಕ್ಕೆ ಮೇಣ ಸವರಿ, ತೋರುಬೆರಳಿನಿಂದ ಮಡಿಕೆಯನ್ನು ತಡವಿ ಸೂಜಿ ಚುಚ್ಚಿದರು. ಆ ಹೊಲಿಗೆ ಮುಂಚಿನದಕ್ಕಿಂತ ಚೆನ್ನಾಗಿ ಬಂತು. ಹಾಳೆ ಯಾವ ಬಗೆಯದು, ಒದ್ದೆ ಗಾಳಿಗೆ ಸಿಕ್ಕಿದೆಯೇ, ಮಡಿಕೆಯೊಳಗೆ ಯಾವ ಪುಟ ತಪ್ಪಿ ಕೂತಿದೆ, ಎಲ್ಲವನ್ನೂ ಅವರ ಬಲಗೈಯ ಎರಡು ಬೆರಳುಗಳು ಓದಿ ಹೇಳುತ್ತಿದ್ದವು. ನಾನು ಹೋದರೆ ನನ್ನ ಮುಖದ ಮೇಲೆ ಆ ಬೆರಳುಗಳನ್ನು ಒಮ್ಮೆ ಆಡಿಸಿ, "ಸೊರಗಿದ್ದೀಯ, ರಾತ್ರಿ ನಿದ್ದೆ ಮಾಡಲ್ವಾ?" ಎಂದು ಗದರುತ್ತಿದ್ದರು. ಆ ಎರಡು ಬೆರಳು ಇರುವತನಕ ಅತ್ತೆ ಕುರುಡರಾದರೆಂದು ಹೇಳುವುದಕ್ಕೆ ನಮಗ್ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಅತ್ತೆಯ ತಮ್ಮ ಅಂದು ತಮಾಷೆ ಬಿಟ್ಟ. "ಭಾವ, ನಮ್ಮಕ್ಕ ಇನ್ಮೇಲೆ ಗೋಡೆ ತಡವಿಕೊಂಡೇ ಓಡಾಡ್ಬೇಕು. ಅವಳ ಕಣ್ಣು ಈಗ ಬೆರಳಲ್ಲಿದೆ. ಇವನ್ನೆಲ್ಲ ಕಿತ್ತು ಟ್ರಂಕಿಗೆ ಹಾಕಿ."

"ಹಾಗಂತಲ್ಲ, ಹಾಕ್ತೀನಿ."

"ಯಾವಾಗ?"

"ಈ ಕೆಲಸ ಒಂದು ಮುಗೀಲಿ."

ಕೆಲಸ ಮುಗಿಯಿತು, ಇನ್ನೊಂದು ಬಂತು, ಅದೂ ಮುಗಿಯಿತು. ಕೊನೆಗೊಂದು ಮಧ್ಯಾಹ್ನ ಮಾವ ನಿಜವಾಗಿಯೂ ಸ್ಟೂಲು, ಇಕ್ಕಳ ತೆಗೆದುಕೊಂಡು ಪ್ಯಾಸೇಜಿಗೆ ಹೋದರು. ಆ ಹೊತ್ತಿಗೆ ಅಡುಗೆಮನೆಯಿಂದ ಅತ್ತೆ ಬಂದರು, ಬಲಗೈಯ ಬೆರಳುಗಳನ್ನು ಗೋಡೆಯ ಮೇಲೆ ಜಾರಿಸುತ್ತಾ. ಕೂಗಿದರೆ ಬೆಚ್ಚಿ ಕೈ ಬೀಸಿಯಾರು, ಸುಮ್ಮನಿದ್ದರೆ ಚೂರಿ ಅವರ ದಾರಿಯಲ್ಲೇ ಇದೆ. ಮಾವ ಸ್ಟೂಲಿನ ಮೇಲೇ ನಿಂತುಬಿಟ್ಟರು. ಬೆರಳುಗಳು ಜಾರಿ ಜಾರಿ ಮೊದಲ ಚೂರಿಯ ಹತ್ತಿರ ಬಂದವು, ಇನ್ನೊಂದು ಗೇಣಿರುವಾಗ ನಿಂತವು. ಅತ್ತೆ ಕೈ ಹಿಂದಕ್ಕೆಳೆದುಕೊಂಡು, ಆ ಚೂರಿಯನ್ನು ದಾಟಿ, ಆಚೆ ಮತ್ತೆ ಗೋಡೆ ಹಿಡಿದರು. ಎರಡನೆಯದು ವ್ಯಾಪಾರಿ ಮೋಸದಿಂದ ದಾಟಿಸಿದ್ದ ನಕಲಿ. ಬೆರಳುಗಳು ಅದರ ಮೊಂಡು ಅಂಚಿನ ಮೇಲೆ ಕಿಟಕಿಯ ಸರಳು ಸವರಿದಂತೆ ಹಾದುಹೋದವು. ಮೂರನೆಯದು ಅಸಲಿ. ಅತ್ತೆ ಮತ್ತೆ ನಿಂತರು.

ಮಾವ ಸ್ಟೂಲಿನಿಂದ ಇಳಿದು ಇಕ್ಕಳವನ್ನು ಕೋಟಿನ ಜೇಬಿಗಿಟ್ಟುಕೊಂಡರು. ಕಣ್ಣಿಲ್ಲದವಳಿಗೆ ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುತ್ತದೆ! ಚೂರಿಗಳು ಅವಳೊಡನೆ ಅದೇನನ್ನೋ ಆಡುತ್ತವೆ! ಈ ಸಂಗತಿಯನ್ನು ನನಗೆ ಹೇಳುವಾಗ ಅವರ ಎರಡೂ ತೋಳು ಕರಕರ ಸದ್ದು ಮಾಡುತ್ತಿದ್ದವು. ಹೆಂಡತಿಯ ಬೆರಳು ಅಪಾಯದಿಂದ ಗೇಣಿನಂತರದಲ್ಲಿ ಉಳಿಯಿತೆಂಬ ಮಾತು ಆ ವರದಿಯಲ್ಲಿ ಬರಲೇ ಇಲ್ಲ. ಅದನ್ನು ನಾನು ಆಗಲೇ ಗಮನಿಸಿದ್ದೆ, ಆದರೆ ಆ ಬೆರಗು ನನಗೂ ಅಂಟಿಕೊಂಡಿತ್ತು.

ಚೂರಿಗಳು ಟ್ರಂಕಿಗೆ ಹೋಗಲಿಲ್ಲ. ಬದಲಾಗಿ ಜಾಗ ಬದಲಿಸತೊಡಗಿದವು. ಇಂದು ಮೊದಲಿದ್ದದ್ದು ನಾಳೆ ಕೊನೆಗೆ, ಮೇಲಿದ್ದದ್ದು ಕೆಳಕ್ಕೆ. ಮಾವ ಗೋಡೆಗೆ ಬೆನ್ನು ಹಚ್ಚಿ ನಿಂತು, ಒಂದು ಕಣ್ಣು ಮುಚ್ಚಿ, ಹೆಂಡತಿ ನಡೆದುಬರುವುದನ್ನು ನೋಡುತ್ತಿದ್ದರು. ಅತ್ತೆ ಒಮ್ಮೆಯೂ ತಪ್ಪಲಿಲ್ಲ. ಸುದ್ದಿ ವ್ಯಾಪಾರಿಗೆ ಹೋಯಿತು. ತನಗೇ ಅನುಮಾನವಿದ್ದ ಮಾಲನ್ನೆಲ್ಲ ಆತ ಹೊತ್ತು ತರತೊಡಗಿದ, ಪ್ಯಾಸೇಜಿನಲ್ಲಿ ಸಿಕ್ಕಿಸತೊಡಗಿದ, ಅತ್ತೆ ನಿಂತರೆ ಒಂದು ಬೆಲೆ, ನಿಲ್ಲದಿದ್ದರೆ ಇನ್ನೊಂದು. ಅತ್ತೆಗೆ ಯಾರೂ ಏನೂ ಹೇಳಲಿಲ್ಲ. "ಏನ್ರೀ, ಪ್ಯಾಸೇಜಲ್ಲಿ ಏನಾದ್ರೂ ನಡೀತಿದೆಯಾ?" ಎಂದು ಅವರೇ ಒಮ್ಮೆ ಕೇಳಿದಾಗ, "ಹಾಗಂತಲ್ಲ" ಎಂದು ಮಾವ ಅಲ್ಲಿಗೆ ನಿಲ್ಲಿಸಿದರು.

ಒಂದು ಪರೀಕ್ಷೆಯನ್ನು ನಾನೂ ನೋಡಿದೆ. ನಾವು ಮೂವರು, ಮಾವ, ವ್ಯಾಪಾರಿ, ನಾನು, ಎದುರು ಗೋಡೆಗೆ ಕಳ್ಳರಂತೆ ಅಂಟಿಕೊಂಡು ನಿಂತಿದ್ದೆವು. ಗಾಜಿನಿಂದ ಇಳಿಯುತ್ತಿದ್ದ ಬೆಳಕು ಬೂದಿ ಬಣ್ಣಕ್ಕೆ ತಿರುಗಿತ್ತು. ಅತ್ತೆ ಎಡಗೈಯಲ್ಲಿ ನೀರಿನ ಲೋಟ ಹಿಡಿದು ಬಂದರು. ಬಲಗೈ ಗೋಡೆಯ ಮೇಲೆ, ಅದರ ಮುಂದೆ ಆ ಎರಡು ಬೆರಳು, ಬೆರಳಿನ ಮುಂದೆ ಅಲೆಯಲೆಯಾದ ಒಂದು ನೆರಳು. ನೆರಳು ಬೆರಳಿನ ಕಡೆಗೆ ಬರುತ್ತಿದೆಯೋ, ಬೆರಳು ನೆರಳಿನ ಕಡೆಗೆ ಹೋಗುತ್ತಿದೆಯೋ ನನಗೆ ತಿಳಿಯದಾಯಿತು. ಅತ್ತೆ ನಿಂತರು. ಲೋಟದ ನೀರು ತುಳುಕಲಿಲ್ಲ. ಅವರ ಮುಖ ನಮ್ಮತ್ತ ತಿರುಗಿತು, ಯಾವ ದೃಷ್ಟಿಯೂ ಇಲ್ಲದ ಆ ಕಣ್ಣುಗಳು ನಮ್ಮ ಮೂವರ ಮೇಲೂ ಒಂದು ಗಳಿಗೆ ಇದ್ದವು, ತುಟಿಯ ಕೊನೆಯಲ್ಲಿ ಒಂದು ನಗು ಬಂತೋ ಏನೋ. ಆಮೇಲೆ ಅವರು ಚೂರಿಯನ್ನು ದಾಟಿ ಮುಂದೆ ಹೋದರು. ವ್ಯಾಪಾರಿ ಸದ್ದಿಲ್ಲದೆ ಮಾವನ ಕೈ ಕುಲುಕಿದ. ಇನ್ನು ಇಂಥದ್ದಕ್ಕೆ ನನ್ನನ್ನು ಕರೆಯಬೇಡಿ ಎಂದು ಹೇಳಿ ಬಂದೆ.

ವ್ಯಾಪಾರಿ ಕೊನೆಯದಾಗಿ ತಂದ ಚೂರಿ ಉಳಿದವುಗಳಿಗಿಂತ ಗಿಡ್ಡ. ಅಲಗಿನ ಒಡಲಲ್ಲಿ ಕಪ್ಪು ಬಿಳಿ ಎಳೆಗಳು ಅಲೆಗಳ ಜೊತೆಗೇ ಬಳುಕಿಕೊಂಡು ಹೋಗಿದ್ದವು, ಎಂದರೆ ಕಾಯಿಸಿ ಬಾಗಿಸಿದ್ದೇ ಸರಿ. ಮಾವ ಹೆಬ್ಬೆರಳಿನಿಂದ ಅಲೆಗಳನ್ನು ಎಣಿಸಿದರು. ಸರಿ ಸಂಖ್ಯೆ ಬಂತು. ಮತ್ತೆ ಎಣಿಸಿದರು, ಮತ್ತೆ ಅದೇ. ಮೊನೆಯ ಹತ್ತಿರ ಯಾರೋ ತೀಡಿ ಹೊಸ ಮೊನೆ ಮಾಡಿದ ಗುರುತಿತ್ತು.

"ಮುರಿದ ತುಂಡು ಎಲ್ಲಿದೆಯೋ?" ಎಂದರು ಮಾವ.

"ಅದು ಹೊಕ್ಕ ಜಾಗದಲ್ಲೇ ಉಳಿದಿರಬೇಕು," ಎಂದ ವ್ಯಾಪಾರಿ, ಮೂಗಿಗೆ ನಶ್ಯ ಏರಿಸುತ್ತಾ. "ನನಗಂತೂ ಇದನ್ನ ಅಂಗಡೀಲಿ ಇಟ್ಕೊಳ್ಳೋಕೆ ಮನಸ್ಸಿಲ್ಲ. ಅತ್ತೆ ಏನಂತಾರೋ ನೋಡಿ."

ಮಾವ ಅದನ್ನು ಅಡುಗೆಮನೆಯ ಬಾಗಿಲಿನ ಪಕ್ಕದಲ್ಲಿ, ಅತ್ತೆ ಹೊರಗೆ ಬಂದೊಡನೆ ಕೈಯಿಡುತ್ತಿದ್ದ ಜಾಗದಲ್ಲೇ ನಿಲ್ಲಿಸಿದರು. ಪರೀಕ್ಷೆ ಕಠಿಣವಾಗಿರಲೆಂದು. ಅಷ್ಟರಲ್ಲಿ ಪುಸ್ತಕಗಳನ್ನು ಕೂಡಲೇ ತಲುಪಿಸಬೇಕೆಂದು ಶಾಲೆಯೊಂದರಿಂದ ಆಳು ಬಂದ. ಮಾವ ಹಿತ್ತಲಿನಲ್ಲಿದ್ದ ಅತ್ತೆಗೆ ಹೇಳದೆ ಕಟ್ಟು ಹೊತ್ತುಕೊಂಡು ಅಂಗಡಿಯ ಬಾಗಿಲಿನಿಂದಲೇ ಹೊರಟುಬಿಟ್ಟರು. ದಾರಿಯಲ್ಲಿ ಚೂರಿಯ ನೆನಪಾಯಿತಂತೆ. ಹಿಂದಿರುಗಲಿಲ್ಲ. ಅವಳಿಗೆ ಗೊತ್ತಾಗುತ್ತದೆ ಎಂದುಕೊಂಡರು. ಬೇರೆ ಯಾವ ಗಂಡನಿಗೂ ಬರಲಾರದ ಧೈರ್ಯ ಅದು.

ತಿರುಗಿ ಬಂದಾಗ ಅತ್ತೆ ಮೇಜಿನ ತಮ್ಮ ತುದಿಯಲ್ಲಿ ಕೂತಿದ್ದರು. ಬಲಗೈಗೆ ರಟ್ಟಿನ ಬೆನ್ನಿಗೆ ಹಾಕುವ ಬಟ್ಟೆ ಸುತ್ತಿಕೊಂಡಿದ್ದರು, ಅದು ಪೂರ್ತಿ ನೆಂದಿತ್ತು. "ಕೊಯ್ದುಬಿಡ್ತು ಕಣ್ರೀ," ಎಂದರು, ಈರುಳ್ಳಿ ಹೆಚ್ಚುವಾಗ ಆದದ್ದನ್ನು ಹೇಳುವಂತೆ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುತ್ತಾ ಡಾಕ್ಟರು ಬೇಸರಪಟ್ಟುಕೊಂಡರು. "ನೆಟ್ಟಗೆ ಕೊಯ್ದಿದ್ರೆ ಸೇರಿಸೋದು ಸುಲಭ. ಇದು ಹೋಗ್ತಾ ಬರ್ತಾ ಕೊಯ್ದಿದೆ. ಗಾಯ ಮಾಗುತ್ತೆ. ಆದರೆ ಈ ಎರಡು ಬೆರಳಿಗೆ ಸ್ಪರ್ಶ ವಾಪಸ್ ಬರಲ್ಲ." ಕಾಗದ ಸೀಳಲು ಬಾರದ, ಒರೆಗೆ ಹೋಗದ, ಕಲ್ಲಿಗೆ ಬಗ್ಗದ ಅಲಗು ಒಂದು ಕೆಲಸವನ್ನು ಮಾತ್ರ ಚೆನ್ನಾಗಿ ಕಲಿತಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾವನ ಮನಸ್ಸಿಗೆ ಬಂದ ಮೊದಲ ಯೋಚನೆ ಏನೆಂಬುದನ್ನು ಅವರೇ ನನಗೆ ಹೇಳಿದರು. ಹಾಗಾದರೆ ಆ ಚೂರಿ ನಕಲಿಯಿರಬೇಕು ಎಂದು. ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎದ್ದು ಹೋಗೋಣವೆಂದುಕೊಂಡೆ. ಆದರೆ ಅದನ್ನು ಹೇಳುವಾಗ ಅವರ ಎರಡೂ ಕಣ್ಣು ತೆರೆದಿದ್ದವು, ಅವುಗಳಲ್ಲಿದ್ದ ಭಯವನ್ನು ನೋಡಿ ಕೂತೆ.

ಹೊಲಿಗೆ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಅಂಗಡಿಯಲ್ಲಿ, ನನ್ನೆದುರಿಗೇ, ಮಾವ ಆ ಪ್ರಶ್ನೆಯನ್ನು ಅತ್ತೆಗೆ ಕೇಳಿದರು. "ಉಳಿದ ಎಲ್ಲದರ ಮುಂದೂ ನಿಲ್ತಿದ್ದೆ. ಇದರ ಮುಂದೆ ಯಾಕೆ ನಿಲ್ಲಲಿಲ್ಲ?"

"ಯಾವುದರ ಮುಂದೆ?"

"ಚೂರಿಗಳ ಮುಂದೆ. ಅಸಲಿ ಯಾವುದು ಅಂತ ನಿನಗೆ ಗೊತ್ತಾಗ್ತಿತ್ತಲ್ಲ."

ಅತ್ತೆ ನಕ್ಕುಬಿಟ್ಟರು. "ಅಯ್ಯೋ, ಚೂರಿ ವಿಷಯ ನನಗೇನ್ರೀ ಗೊತ್ತು? ನಿಮ್ಮ ಉಸಿರು ಕಟ್ತಿತ್ತು, ನಾನು ನಿಲ್ತಿದ್ದೆ. ನಿಮ್ಮ ಉಸಿರು ಕಟ್ಟಿದಾಗ ಕೈ ಮುಂದಕ್ಕೆ ಇಡಬಾರದು. ಮದುವೆಯಾಗಿ ಬಂದ ಹೊಸದರಲ್ಲೇ ಈ ಮೇಜಿನ ಹತ್ರ ಕಲಿತಿದ್ದು. ಕೆಲವು ಕಡೆ ಕಟ್ತಿತ್ತು, ಕೆಲವು ಕಡೆ ಕಟ್ತಿರಲಿಲ್ಲ."

ಕಟ್ಟುತ್ತಿದ್ದದ್ದು ಅಸಲಿಯ ಹತ್ತಿರ. ಎಲ್ಲಿ ಚೂರಿಗೆ ಬೆಲೆಯಿತ್ತೋ ಅಲ್ಲಿ ಮಾವನ ಎದೆ ತಾನಾಗಿ ನಿಂತಿತ್ತು. ಹೆಂಡತಿ ಓದುತ್ತಿದ್ದದ್ದು ಗಂಡನನ್ನು.

"ನಾವೆಲ್ಲ ಅಲ್ಲಿ ನಿಂತಿದ್ದು ನಿನಗೆ ಗೊತ್ತಿತ್ತಾ?" ಎಂದರು ಮಾವ.

"ಆ ನಶ್ಯದ ವಾಸನೆ ಗೊತ್ತಾಗದೇ ಇರುತ್ತಾ? ನಿಮಗೇನೋ ಅದರಲ್ಲಿ ಖುಷಿ. ಆಗಲಿ ಅಂತ ಸುಮ್ನಿದ್ದೆ. ನೀವು ಮನೇಲಿ ಇಲ್ಲದಾಗ ನಾನು ಪ್ಯಾಸೇಜಿಗೇ ಬರ್ತಿರಲಿಲ್ಲ."

ಮಾವ ಎಲ್ಲಿಂದಲೋ ಎದ್ದು ಬಂದವರಂತೆ, "ಅವತ್ತು ಬಂದೆಯಲ್ಲ" ಎಂದರು. "ಅವತ್ತು ನಾನು ಮನೇಲಿರಲಿಲ್ಲ."

"ಇದ್ರಲ್ಲ."

"ಇಲ್ಲ. ಶಾಲೆಗೆ ಹೋಗಿದ್ದೆ. ಮನೇಲಿ ಯಾರೂ ಇರಲಿಲ್ಲ."

ಅತ್ತೆಯ ಮುಖದಿಂದ ನಗು ಇಳಿಯಿತು. ಅವರು ಪ್ಯಾಸೇಜಿನ ಕಡೆಗೆ ತಿರುಗಿದರು. "ಉಸಿರು ಕೇಳಿಸ್ತಿತ್ತು ಕಣ್ರೀ. ಅಡುಗೆಮನೆ ಬಾಗಿಲ ಪಕ್ಕದಲ್ಲೇ. ನೀವೇ ನಿಂತಿದ್ದೀರಿ ಅಂದ್ಕೊಂಡೆ. ಕಟ್ಟುತ್ತೇನೋ ಅಂತ ಕಾದು ಕಾದು ಕೈಯಿಟ್ಟೆ. ಅದು ಕಟ್ಟಲೇ ಇಲ್ಲ. ನಿಧಾನಕ್ಕೆ ಆಡ್ತಾನೇ ಇತ್ತು." ಗಾಯದ ಕೈಯನ್ನು ಎಡಗೈಯಿಂದ ಮುಚ್ಚಿಕೊಂಡರು. "ಕೊಯ್ದ ಮೇಲೂ ಆಡ್ತಾನೇ ಇತ್ತು."

ನಾವು ಮೂವರೂ ಪ್ಯಾಸೇಜಿನ ಕಡೆ ಕಿವಿಗೊಟ್ಟು ಕೂತೆವು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಒಳಗೆ ಏನೂ ಕೇಳಲಿಲ್ಲ. ಕೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಅದೇ ದಿನ ಮಾವ ಗೂಟಗಳನ್ನೆಲ್ಲ ಕಿತ್ತರು. ವ್ಯಾಪಾರಿ ಬಂದು ಎಲ್ಲವನ್ನೂ ಗೋಣಿಚೀಲದಲ್ಲಿ ತುಂಬಿಕೊಂಡ, ಆ ಗಿಡ್ಡ ಚೂರಿಯನ್ನು ಬಿಟ್ಟು. ಅದನ್ನು ಮಾತ್ರ ಮುಟ್ಟುವುದಿಲ್ಲ ಎಂದ. ಹೊಳೆಗೆ ಎಸೆಯೋಣ, ಹೂಳೋಣ ಎಂದು ಅತ್ತೆಯ ತಮ್ಮ ಕೂಗಾಡಿದ. ಬೇಡವೆಂದವರು ಅತ್ತೆ. "ಇಲ್ಲೇ ಇರಲಿ. ಎಲ್ಲಿದೆ ಅಂತ ನಮಗೆ ಗೊತ್ತಿರಲಿ." ಮಾವ ಅದಕ್ಕೆ ದಪ್ಪ ರಟ್ಟಿನ ಪೆಟ್ಟಿಗೆ ಮಾಡಿ, ನಾಲ್ಕೂ ಕಡೆ ಬಟ್ಟೆ ಅಂಟಿಸಿ ಮುಚ್ಚಿ, ಮೆಷಿನ್ನಿನ ಮೇಲಿನ ಹಲಗೆಯಲ್ಲಿಟ್ಟಿದ್ದಾರೆ. ಪ್ರತಿ ವಾರ ಅದರ ಬಟ್ಟೆ ಒಂದು ಅಂಚಿನಲ್ಲಿ ಬಿಟ್ಟುಕೊಂಡಿರುತ್ತದೆ, ಅವರು ಮತ್ತೆ ಗೋಂದು ಹಚ್ಚುತ್ತಾರೆ. ಅವರು ಅಂಟಿಸಿದ ಬೇರೆ ಯಾವುದೂ ಇದುವರೆಗೆ ಬಿಟ್ಟುಕೊಂಡದ್ದನ್ನು ನಾನು ನೋಡಿಲ್ಲ.

ಈಗ ಹೊಲಿಯುವವರು ಮಾವ. ಅತ್ತೆ ಪಕ್ಕದಲ್ಲಿ ಕೂತು ಎಡಗೈಯಿಂದ ತಡವಿ ನೋಡಿ, ತಪ್ಪಿದ್ದರೆ ಮಾತಾಡದೆ ದಾರ ಕಿತ್ತು ಅವರ ಕೈಗೆ ಕೊಡುತ್ತಾರೆ. ಎಡಗೈ ಇನ್ನೂ ಕಲಿಯುತ್ತಿದೆ, ಹಾಳೆ ಒದ್ದೆಯೋ ಒಣಗಿದೆಯೋ ಅಷ್ಟೇ ಅದಕ್ಕೆ ತಿಳಿಯುತ್ತದೆ. ನಾನು ಹೋದಾಗ ಹಳೆಯ ಅಭ್ಯಾಸದಿಂದ ಬಲಗೈ ನನ್ನ ಮುಖಕ್ಕೆ ಬರುತ್ತದೆ, ಹಣೆ, ಕೆನ್ನೆ ಎಲ್ಲ ಸವರುತ್ತದೆ. ಆಮೇಲೆ ಅತ್ತೆ, "ಹೇಗಿದ್ದೀಯ?" ಎಂದು ಬಾಯಿಬಿಟ್ಟು ಕೇಳುತ್ತಾರೆ. ಮೊದಲು ಅವರು ಹಾಗೆ ಕೇಳಬೇಕಾಗಿರಲಿಲ್ಲ. ಮಾವ ಆಗ ಅಲ್ಲಿರಲಾರದೆ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಾರೆ, ಬಾಗಿಲಿನವರೆಗೆ ಹೋಗಿ, ಅತ್ತೆಯನ್ನು ಬಿಟ್ಟು ಹೊರಗೆ ಕಾಲಿಡಲು ಅಂಜಿ ಹಿಂದಿರುಗುತ್ತಾರೆ.

ಮಾವನಂಥವರನ್ನು ನಾನು ಇನ್ನೂ ಕೆಲವರನ್ನು ಬಲ್ಲೆ. ನಡೆಯದ ಗಡಿಯಾರಗಳನ್ನು ಕೂಡಿಡುವವರು, ಬಾಗಿಲು ಕಳೆದುಕೊಂಡ ಬೀಗಗಳಿಗೆ ಎಣ್ಣೆ ಹಾಕುವವರು, ನುಡಿಯದ ವಾದ್ಯಗಳ ಧೂಳು ಒರೆಸುವವರು. ಕೆಟ್ಟವರಲ್ಲ, ಹೆಚ್ಚಿನವರು ದಿನವಿಡೀ ಉಪಯೋಗಕ್ಕೆ ಬರುವ ಕೆಲಸ ಮಾಡಿ ದಣಿದ ಸಾಧುಗಳು. ಯಾವ ಉಪಯೋಗವೂ ಇಲ್ಲದ್ದನ್ನು ಪ್ರೀತಿಸುವುದೇ ನಿಷ್ಕಳಂಕವಾದ ಪ್ರೀತಿಯೆಂದು ಅವರು ನಂಬಿರುತ್ತಾರೆ, ಆ ನಂಬಿಕೆಯಲ್ಲಿ ಸೌಂದರ್ಯವೂ ಇದೆ. ಅಪರೂಪದ್ದನ್ನು ಕತ್ತಲೆಯಲ್ಲೂ ಗುರುತಿಸಬಲ್ಲೆವೆಂಬ ಹೆಮ್ಮೆ ಅವರದು. ಆದರೆ ಅವರ ಮನೆಯಲ್ಲಿ ಎಲ್ಲಕ್ಕಿಂತ ಅಪರೂಪವಾದದ್ದು ಬೇರೆಲ್ಲೂ ಇರುವುದಿಲ್ಲ, ಗೋಡೆ ಹಿಡಿದುಕೊಂಡು ಅವರ ಕಡೆಗೇ ನಡೆದು ಬರುತ್ತಿರುತ್ತದೆ; ಅದು ಅವರ ಕಣ್ಣಿಗೆ ಬೀಳುವ ಹೊತ್ತಿಗೆ ರಕ್ತ ಬಂದಿರುತ್ತದೆ.